ಸೋಲಲೆಂದೇ ವಕೀಲರನ್ನು ಹಿಡಿದ ಮಾವ

ಕೋರ್ಟಿನಲ್ಲಿ ಸೋಲಬೇಕೆಂದೇ ವಕೀಲರನ್ನು ಗೊತ್ತುಮಾಡಿಕೊಂಡ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಬೇರೆ ಯಾರೂ ಅಲ್ಲ, ನನ್ನ ಸ್ವಂತ ಸೋದರಮಾವ!

ಚಳ್ಳಕೆರೆಯಲ್ಲಿ ಅವರದು ಕಂಬಳಿ ವ್ಯಾಪಾರ. ನಾನು ಅವರ ಮಂಡಿಯಲ್ಲೇ ಕೆಲಸಕ್ಕಿದ್ದೆ. ನಮ್ಮ ಸೀಮೆಯ ಜನ ಮೋಟಾರನ್ನು ಕಂಡರೆ ಇನ್ನೂ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಆಗ ಮಾವ ಮೋಟಾರು ಕೊಂಡರು. ಕೊಂಡರೇನು ಬಂತು? ಎದುರಿಗೆ ಎತ್ತು ಬಂದರೆ ನಿಲ್ಲಿಸುವರು, ಮೇಕೆ ಬಂದರೆ ನಿಲ್ಲಿಸುವರು, ಕೋಳಿಗೂ ದಾರಿ ಬಿಟ್ಟು ಕೈಮುಗಿಯುವರು! ನಮ್ಮ ಜೊತೆಗೇ ಊರು ಬಿಟ್ಟ ಕಾಲ್ನಡಿಗೆಯವರು ನಮಗಿಂತ ಮೊದಲು ಸಂತೆ ಸೇರುತ್ತಿದ್ದರು.

ಅಂಥವರ ಕೈಯಲ್ಲೇ ಅಪಘಾತವಾಯಿತು.

ಸಿದ್ದಾಪುರದಲ್ಲಿ ಉಣ್ಣೆಯ ಮಾತುಕತೆ ಮುಗಿಸಿ ಮೊಳಕಾಲ್ಮೂರಿನ ಕಡೆ ಬರುತ್ತಿದ್ದೆವು. ಸೂರ್ಯ ನೆತ್ತಿಯ ಮೇಲಿದ್ದ. ನೆರಳುಗಳೆಲ್ಲ ಬಂಡೆಗಳ ಕೆಳಗೆ ಅಡಗಿಕೊಂಡಿದ್ದವು. ಊರು ದಾಟಿದ ಕೂಡಲೇ ಬರುವ ಇಳುಕಲಿನಲ್ಲಿ ಮೋಟಾರು ಮಾವನ ಮಾತು ಕೇಳದಾಯಿತು. ಅದೇ ಹೊತ್ತಿಗೆ ಎರಡು ಬಂಡೆಗಳ ಸಂದಿನಿಂದ ಕರಿ ಕಂಬಳಿ ಹೊದ್ದ ಹೆಂಗಸೊಬ್ಬಳು ಗಡಿಗೆ ಹೊತ್ತು ಅಡ್ಡ ಬಂದಳು. ದಢಕ್ಕೆಂದು ಸದ್ದಾಯಿತು. ಮೋಟಾರು ಕಲ್ಲಿಗೆ ಗುದ್ದಿ ನಿಂತಿತು. ಮಾವನ ಎಡಗೈ ಮುರಿಯಿತು.

ಧೂಳು ಅಡಗಿತು. ನೋಡಿದರೆ ಯಾರೂ ಇಲ್ಲ! ಒಡೆದ ಗಡಿಗೆಯ ಚೂರುಗಳಿದ್ದವು. ನೀರು ನಮ್ಮ ಕಣ್ಣೆದುರೇ ನೆಲಕ್ಕೆ ಇಂಗುತ್ತಿತ್ತು. ಹೆಂಗಸು ಮಾತ್ರ ಇಲ್ಲ. ಬಂಡೆಗಳ ನಡುವಿನಿಂದ ಎಲ್ಲೋ "ಹ್ಞೂಂ..." ಎಂದು ನರಳಿದ ಸದ್ದು ಬಂತು. "ಯಾರವ್ವಾ ಅದು?" ಎಂದು ಮಾವ ಕೂಗಿದೊಡನೆ ಅದೂ ನಿಂತಿತು. ಅಂಥ ಬಿಸಿಲಲ್ಲಿ ನನಗೆ ಚಳಿ ಹತ್ತಿತು.

ಕತ್ತಲಾಗುವವರೆಗೂ ಹುಡುಕಿ, ಸಿಗದೆ, ಮೊಳಕಾಲ್ಮೂರಿನ ದವಾಖಾನೆಗೆ ಬಂದೆವು.

"ಕೈ ಚಾಚ್ರಿ ಸಾವ್ಕಾರ್ರೆ," ಎಂದರು ಡಾಕ್ಟರು.

"ಮೊದ್ಲು ಆಯಮ್ಮಂಗೆ ನೋಡ್ರಿ."

"ಯಾವ ಯಮ್ಮ? ಎಲ್ಲೈತೆ?"

"ಇನ್ನೂ ಸಿಕ್ಕಿಲ್ಲ."

ಡಾಕ್ಟರು ಕೈ ಬಿಟ್ಟು ಮಾವನ ತಲೆ ಪರೀಕ್ಷೆ ಶುರುಮಾಡಿದರು!

ಚಳ್ಳಕೆರೆಗೆ ಹೋಗೋಣವೆಂದರೆ ಮಾವ ಒಪ್ಪಲಿಲ್ಲ. ನೆಂಟರ ಮನೆಯಲ್ಲಿ ಠಿಕಾಣಿ ಹೂಡಿ, ಬೆಳಗಾಗುತ್ತಲೇ ಪೊಲೀಸು ಠಾಣೆಗೆ ಹೋದರು. ದಫೇದಾರರು ಮೀಸೆ ತಿರುವುತ್ತಾ "ಯಾರ ಮ್ಯಾಲೆ ದೂರು?" ಎಂದರು.

"ನನ್ನ ಮ್ಯಾಲೆ."

"ಏಟು ತಿಂದೋರು?"

"ಅದನ್ನ ನೀವು ಹುಡುಕಿಕೊಡ್ಬೇಕು."

ಅಲ್ಲಿಂದ ನೇರ ವಕೀಲರ ಮನೆಗೆ ಹೋದರು. ವಕೀಲರಿಗೋ ಹಿಗ್ಗು. "ಏಟು ತಿಂದೋರೇ ಇಲ್ಲ ಅಂದ್ಮ್ಯಾಲೆ ಕೇಸು ಗೆದ್ದಂಗೇ ಸಾವ್ಕಾರ್ರೆ!"

ಮಾವನಿಗೆ ಸಿಟ್ಟು ಬಂತು. "ಗೆಲ್ಲೋ ಹಂಗಿದ್ರೆ ನಿಮ್ಮತ್ರ ಯಾಕ್ ಬರ್ತಿದ್ದೆ? ತಪ್ಪು ನಂದು. ನೆಟ್ಟಗೆ ಸೋಲಿಸಿಕೊಡ್ರಿ!"

ಬಳ್ಳಾರಿಯಿಂದ ವಿಮೆ ಏಜೆಂಟರು ಬಂದರು. ತಲೆಗೆ ಹ್ಯಾಟು, ಬಾಯಿಗೆ ಚಿರೂಟು. ಜಜ್ಜಿದ ಮೋಟಾರಿಗೆ ಕಂಪನಿ ಪರಿಹಾರ ಕೊಡುತ್ತದೆ ಎಂದರು.

"ತಗಡಿಗೆ ಕೊಡ್ತೀರಿ, ಮೈಗೆ ಕೊಡಲ್ವಾ?"

"ಮೈ ಎಲ್ಲಿದೆ ತೋರಿಸಿ, ಕೊಡೋಣ."

ಸರಿ, ಮೈ ಹುಡುಕಲು ದಫೇದಾರರು, ವಕೀಲರು, ಹ್ಯಾಟಿನವರು, ನಾವು, ಎಲ್ಲರ ದಂಡು ಸಿದ್ದಾಪುರಕ್ಕೆ ಹೊರಟಿತು. ಹಾಡುಹಗಲಲ್ಲೇ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ಮನೆಯೊಳಗೆ ಬೀಸುಕಲ್ಲಿನ ಸದ್ದಿತ್ತು. ನಾವು ಹತ್ತಿರ ಹೋಗುತ್ತಲೇ ನಿಂತಿತು. ಕಟ್ಟೆಯ ಮೇಲೆ ಮುದುಕನೊಬ್ಬ ಕೂತಿದ್ದ. ಕೇಳಿದರೆ ನಮ್ಮ ಮುಖ ನೋಡದೆ ಹೇಳಿದ:

"ಆಯಮ್ಮ ಸತ್ತು ಬೋ ಕಾಲ ಆತು ಸಾಮಿ. ನೀರಿಗೋಗಿ ಅಲ್ಲೇ ಬಿದ್ದು ಪ್ರಾಣ ಬಿಟ್ಲು. ಈಗ್ಲೂ ಉರಿಬಿಸಿಲಾಗೆ ಗಡಿಗೆ ಹೊತ್ಕಂಡು ಅಡ್ಡ ಬರ್ತಾಳೆ."

ಅಷ್ಟರಲ್ಲಿ ಬಂಡೆಗಳ ಕಡೆಯಿಂದ ಅದೇ ನರಳಾಟ ಕೇಳಿಸಿತು! ದಫೇದಾರರ ಮೀಸೆ ಜೋತುಬಿತ್ತು. ವಕೀಲರಿಗೆ ಬೇರೆ ಕೇಸು ನೆನಪಾಯಿತು. ಹ್ಯಾಟು ತನ್ನ ಯಜಮಾನನಿಗಿಂತ ಮೊದಲು ಗಾಡಿ ಹತ್ತಿತು! ನಾನೂ ಓಡಿದೆ, ಸುಳ್ಳು ಯಾಕೆ ಹೇಳಲಿ?

ಮಾವ ಮಾತ್ರ ದಾರಿಯುದ್ದಕ್ಕೂ ಒಂದೇ ಮಾತು ಹಿಡಿದರು. "ದೆವ್ವಕ್ಕೆ ನೋವಾಗಲ್ವೇನ್ಲೇ? ನರಳಿದ್ದು ನೀನೂ ಕೇಳಿದ್ಯಲ್ಲ!"

ಮರುದಿನ ನಾವಿಬ್ಬರೇ ಎತ್ತಿನ ಗಾಡಿಯಲ್ಲಿ ಹೋದೆವು. ಮಾವನ ಎಡಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ, ಬಲಗೈಯಲ್ಲಿ ನೋವಿನೆಣ್ಣೆಯ ಸೀಸೆ. ಅದನ್ನು ಬಂಡೆಯ ಮೇಲಿಟ್ಟು, ಯಾರೂ ಇಲ್ಲದ ಕಡೆ ತಿರುಗಿ ಹೇಳಿದರು: "ಅವ್ವಾ, ನೀನು ದೆವ್ವ ಆಗಿದ್ರೂ ಸರಿ, ಮನುಷ್ಯಳಾಗಿದ್ರೂ ಸರಿ. ತಪ್ಪು ನಂದು. ಏಟಾದ ಜಾಗಕ್ಕೆ ಇದನ್ನ ಹಚ್ಕೋ. ನಾಳೆ ಮತ್ತೆ ತರ್ತೀನಿ."

ಮಾರನೆಯ ದಿನ ಹೋಗಿ ನೋಡಿದರೆ ಸೀಸೆ ಅಲ್ಲೇ ಇತ್ತು. ಎಣ್ಣೆಯಿರಲಿಲ್ಲ. ಬಿರಡೆ ಮಾತ್ರ ಬಿಗಿಯಾಗಿ ಹಾಕಿತ್ತು! ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಾವನ ಮುಖವೋ, ಮಗ ಪರೀಕ್ಷೆ ಪಾಸಾದಂತೆ ಅರಳಿತು.

"ನಿಮ್ ದೆವ್ವ ಹೆಂಗೈತ್ರಿ?" ಎಂದು ಡಾಕ್ಟರು ನಗುತ್ತಾ ಕೇಳಿದರು.

"ಎಣ್ಣೆ ಖಾಲಿ ಮಾಡೈತೆ!"

ಡಾಕ್ಟರ ನಗು ಅಲ್ಲಿಗೇ ನಿಂತಿತು.

ಮತ್ತೊಂದು ದಿನ ಹೀಗೆಯೇ ಹೋದಾಗ ಮಾವನ ಕಾಲು ಜಾರಿತು. ಮುರಿದ ಕೈ ಬಂಡೆಗೆ ತಗುಲಿ "ಅಯ್ಯೋ ಶಿವನೇ!" ಎಂದು ಕೂತುಬಿಟ್ಟರು. ಆಗ ಪಕ್ಕದ ಕಗ್ಗತ್ತಲ ಸಂದಿನೊಳಗಿಂದ ಮೆಲ್ಲಗೆ ಒಂದು ದನಿ ಬಂತು:

"ಸಾಮೀ... ಮೋಟ್ರುಗೆ ಬೋ ಏಟಾತಾ?"

ಮಾವ ಒಂದೇ ಕೈಯಲ್ಲಿ ತೆವಳುತ್ತಾ ಒಳಗೆ ನುಗ್ಗಿದರು. ಸ್ವಲ್ಪ ಹೊತ್ತಿಗೆ ಅವರ ಅಳು ಕೇಳಿಸಿತು. ಬಗ್ಗಿ ನೋಡಿದೆ. ಕರಿ ಕಂಬಳಿಯಲ್ಲಿ ಜೀವಂತ ಹೆಂಗಸೊಬ್ಬಳು ಮುದುಡಿ ಮಲಗಿದ್ದಳು. ಬಲಗಾಲು ಬಾತು ಒನಕೆಯಾಗಿತ್ತು. ಮಾವನಿಗೆ ಕೈಮುಗಿದು ಹೇಳುತ್ತಿದ್ದಳು: "ನನ್ ಕಾಲು ಹೋದ್ರೆ ಹೋಗ್ಲಿ. ನಿಮ್ ಮೋಟ್ರು ಮುರಿದೆ ಅಂತ ಜೈಲಿಗೆ ಹಾಕಿಸ್ಬ್ಯಾಡ್ರಿ ಸಾಮಿ."

ಅಪಘಾತದ ದಿನ ಧೂಳಿನ ಮರೆಯಲ್ಲೇ ಆಕೆ ತೆವಳಿ ಸಂದು ಸೇರಿದ್ದಳು. ಕಟ್ಟೆಯ ಮುದುಕ ಅವಳ ಅಪ್ಪ. ಸಾವ್ಕಾರರ ಮೋಟಾರಿಗೆ ಮೈ ತಾಗಿಸಿದ ಮಗಳನ್ನು ಸರ್ಕಾರ ಹಿಡಿದೊಯ್ಯುತ್ತದೆಂದು ಹೆದರಿ, ಊರೇ ಸೇರಿ ಅವಳನ್ನು ಬಂಡೆಯೊಳಗೆ ಬಚ್ಚಿಟ್ಟು ಗಂಜಿ ಕೊಡುತ್ತಿತ್ತು, ಮಾವನ ಎಣ್ಣೆಯನ್ನೂ ಕಾಲಿಗೆ ಹಚ್ಚುತ್ತಿತ್ತು. ನಾವು ದಫೇದಾರರನ್ನೂ ಹ್ಯಾಟನ್ನೂ ಕರೆತಂದಷ್ಟೂ ಅವರು ಆಕೆಯನ್ನು ಇನ್ನಷ್ಟು ಒಳಗೆ ಸರಿಸಿದರು. ದೆವ್ವದ ಕತೆ ನಮ್ಮನ್ನು ಓಡಿಸಲು ಕಟ್ಟಿದ್ದು!

ಆಮೇಲೆ ಕೇಸು ನಡೆಯಿತು. ಮಾವ ತಪ್ಪೊಪ್ಪಿಕೊಂಡು ಸೋತರು. ಗೆದ್ದವರೂ ಅಷ್ಟು ಬೀಗಿದ್ದನ್ನು ನಾನು ನೋಡಿಲ್ಲ. ಮೈ ಕಣ್ಣಿಗೆ ಬಿದ್ದಮೇಲೆ ವಿಮೆ ಕಂಪನಿಯೂ ಆಕೆಯ ಚಿಕಿತ್ಸೆಗೆ ಒಪ್ಪಿತು. ಕಾಲು ಕೂಡಿಕೊಂಡಿತು, ಸ್ವಲ್ಪ ಕುಂಟು ಮಾತ್ರ ಉಳಿಯಿತು.

ನನಗೆ ಈಗಲೂ ಕಣ್ಣಿಗೆ ಕಟ್ಟಿರುವುದು ಆಕೆ ಸಿಕ್ಕ ದಿನದ ಗಾಡಿಯ ದಾರಿ. ಹುಲ್ಲಿನ ಮೇಲೆ ಆಕೆಯನ್ನು ಮಲಗಿಸಿದ್ದೆವು. ಗಾಡಿ ಕುಲುಕಿದಾಗಲೆಲ್ಲ ಕಂಬಳಿಯ ಅಂಚು ಕಚ್ಚಿ ಹಿಡಿಯುತ್ತಿದ್ದಳು. ಮಾವ ನೋಡುವಷ್ಟು ನೋಡಿ, ಪಕ್ಕದಲ್ಲಿ ಕೂತು, ಆ ಬಾತ ಕಾಲನ್ನೆತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು.

"ಬ್ಯಾಡ ಸಾಮಿ, ನನ್ ಕಾಲು ನಿಮಗೆ ತಾಕಬಾರ್ದು," ಎಂದು ಆಕೆ ಕೊಸರಿದಳು.

"ಸುಮ್ಕೆ ಮಲಗವ್ವ," ಎಂದರು ಮಾವ.

ಆಕೆಗೆ ಎಷ್ಟು ದಿನದ ನಿದ್ದೆ ಬಾಕಿಯಿತ್ತೋ! ಮೊಳಕಾಲ್ಮೂರು ಬರುವಷ್ಟರಲ್ಲಿ, ಯಾರಿಗೆ ಹೆದರಿ ಅಡಗಿದ್ದಳೋ ಅವರ ಮಡಿಲಲ್ಲೇ ಕಾಲಿಟ್ಟು, ಬಾಯಿ ತೆರೆದುಕೊಂಡು ಮಗುವಿನಂತೆ ಗೊರಕೆ ಹೊಡೆಯುತ್ತಿದ್ದಳು.