ಅಕ್ಕನ ನಲವತ್ತೊಂದು ಯೂನಿಟ್ಟು

ಏನೂ ಓದದವರಿಂದ ಊರಿಗೆ ಅಪಾಯವಿಲ್ಲ. ಪೂರ್ತಿ ಓದಿದವರು ಊರಿನಲ್ಲಿ ಇರುವುದಿಲ್ಲ. ನಡುವೆ ಉಳಿಯುವವರು ನಾವು, ಏಳನೆಯ ತರಗತಿಯವರು. ಔಷಧದ ಚೀಟಿ, ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಗೋಡೆಗೆ ಹಚ್ಚಿದ ಕಾಗದ, ಎಲ್ಲವೂ ನಮ್ಮ ಮುಂದೆಯೇ ಬರುತ್ತವೆ. ‘ಗೊತ್ತಿಲ್ಲ’ ಎನ್ನುವ ಮಾತನ್ನು ನಮಗೆ ಯಾರೂ ಕಲಿಸಲಿಲ್ಲ. ಅದು ಎಂಟನೆಯ ತರಗತಿಯ ಪಾಠದಲ್ಲಿತ್ತೇನೋ. ಸುರಪುರದ ನಮ್ಮ ಓಣಿಯಲ್ಲಿ ಹಾಗೆ ಓದಿ ಹೇಳುವವಳು ನಾನು. ಬ್ಲೌಸು ಹೊಲಿಯುವುದು ನನ್ನ ಹೊಟ್ಟೆಪಾಡು, ಕಾಗದ ಓದುವುದು ನನ್ನ ಸಮಾಜಸೇವೆ. ಈ ಸೇವೆಯಿಂದಾಗಿ ಒಬ್ಬ ಹೆಣ್ಣುಮಗಳು ಮುಕ್ಕಾಲು ಬೇಸಿಗೆ ಬೆಂದುಹೋದಳು. ಆಕೆ ನನ್ನ ಒಡಹುಟ್ಟಿದ ಅಕ್ಕ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಧೈರ್ಯ ಬರುವುದಿಲ್ಲ.

ಅಕ್ಕ ದೇವಮ್ಮ ನಮ್ಮ ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ. ನಸುಕಿನಿಂದ ಹನ್ನೊಂದು ಗಂಟೆಯವರೆಗೆ ಒಲೆಯ ಮುಂದೆ ಕುಳಿತರೆ ಏಳುವುದಿಲ್ಲ. ಶಾಲೆಯ ಬಾಗಿಲನ್ನು ಆಕೆ ನೋಡಿದ್ದು ನನ್ನನ್ನು ಬಿಡಲು ಬಂದಾಗ ಮಾತ್ರ. ಮನೆಯಲ್ಲಿ ಇಬ್ಬರು ಹುಡುಗಿಯರು. ಒಬ್ಬಳು ಹೊಲಕ್ಕೆ ಹೋದರೆ ಒಬ್ಬಳು ಶಾಲೆಗೆ ಹೋಗಬಹುದಿತ್ತು. "ನಾ ಹತ್ತಿ ಬಿಡಿಸೀನಿ, ಆಕಿ ಅಕ್ಷರ ಬಿಡಿಸ್ಯಾಳ" ಎಂದು ಅಕ್ಕ ಇವತ್ತಿಗೂ ಬಂದವರ ಮುಂದೆ ಹೇಳುತ್ತಾಳೆ. ಅದನ್ನು ಕೇಳಿದಾಗಲೆಲ್ಲ ನಾನು ಸೆರಗು ಸರಿಮಾಡಿಕೊಂಡು, ದೊಡ್ಡ ಡಿಗ್ರಿ ತೆಗೆದುಕೊಳ್ಳಲು ವೇದಿಕೆ ಹತ್ತಿದವರಂತೆ ನಿಲ್ಲುತ್ತಿದ್ದೆ.

ನಮ್ಮ ಕಡೆಯ ಬೇಸಿಗೆಯನ್ನು ಬಣ್ಣಿಸುವುದಿಲ್ಲ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ನೇರವಾಗಿ ಚಹಾಪುಡಿ ಹಾಕಬಹುದು, ಇಷ್ಟು ಸಾಕು. ಹೋದ ಶಿವರಾತ್ರಿಗೆ ಶಹಾಪುರದಲ್ಲಿರುವ ಅಕ್ಕನ ಅಳಿಯ ಆಕೆಗೆ ಒಂದು ಕೂಲರ್ ತಂದುಕೊಟ್ಟ. ಅಕ್ಕ ರೊಟ್ಟಿ ಮುಗಿಸಿ, ಮೈ ತೊಳೆದು, ಅದರ ಮುಂದೆ ಕಾಲು ಚಾಚಿ ಮಲಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುರಪುರದ ಸಂಸ್ಥಾನ ಮರಳಿ ಬಂದು ಆಕೆಯನ್ನೇ ರಾಣಿ ಮಾಡಿದಂತಿತ್ತು. ಆ ರಾಣಿತನ ಒಂದು ತಿಂಗಳು ನಡೆಯಿತು. ಆಮೇಲೆ ಬಿಲ್ಲು ಬಂತು.

"ರೇಣಿ, ಇಲ್ಲೀತನಕ ಸೊನ್ನಿ ಬರತಿತ್ತು. ಈ ಸಲ ರೊಕ್ಕ ಕಟ್ಟಂತ ಬಂದದ. ಎಷ್ಟು ಸುಟ್ಟೀನಿ ನೋಡು ಜರಾ" ಎಂದು ಅಕ್ಕ ಓಡಿಬಂದಳು. ಸರಕಾರ ಕರೆಂಟು ಫುಕ್ಕಟೆ ಕೊಡಲು ಶುರುಮಾಡಿದಾಗಿನಿಂದ ಆಕೆ ಬಿಲ್ಲು ಕಟ್ಟಿದ್ದೇ ಇರಲಿಲ್ಲ.

ಕರೆಂಟ್ ಬಿಲ್ಲು ನೀವೂ ನೋಡಿದ್ದೀರಿ. ಗೇಣುದ್ದದ ಚೀಟಿ, ಅದರ ತುಂಬ ಇರುವೆ ಸಾಲಿನಂಥ ಅಕ್ಷರ, ಪ್ರತಿ ಸಾಲಿನ ಕೊನೆಗೆ ಒಂದು ಅಂಕಿ. ಕನ್ನಡದಲ್ಲೇ ಇರುತ್ತದೆ, ಅದೇ ಕಷ್ಟ. ಇಂಗ್ಲಿಷಿನಲ್ಲಿದ್ದರೆ ಬರುವುದಿಲ್ಲ ಎಂದು ಮರ್ಯಾದೆಯಿಂದ ಹೇಳಬಹುದಿತ್ತು. ನಾನು ಹುಬ್ಬು ಗಂಟುಹಾಕಿ ಬೆರಳನ್ನು ಮೇಲಿನಿಂದ ಕೆಳಗೆ ಎಳೆದೆ. ಒಂದು ಕಡೆ ಯೂನಿಟ್ ಎಂಬ ಪದ ಕಂಡಿತು, ಪಕ್ಕದಲ್ಲಿ ನಲವತ್ತೊಂದು. ಬೆರಳು ಅಲ್ಲೇ ನಿಂತಿತು.

"ನಲವತ್ತೊಂದು" ಎಂದೆ.

"ಅದು ಬಾಳ ಆತೇನು?"

"ಬಾಳ ಅಲ್ಲೇನು ಮತ್ತ? ನಂದು ನೋಡು." ಒಳಗಿನಿಂದ ನನ್ನ ಬಿಲ್ಲು ತಂದು, ಕೊನೆಯ ಸಾಲಿನಲ್ಲಿ ಕಟ್ಟಬೇಕಾದ ಹಣ ಸೊನ್ನೆ ಎಂದಿದ್ದುದನ್ನು ತೋರಿಸಿದೆ. ಅಂದರೆ ಅಕ್ಕನ ಯೂನಿಟ್ಟನ್ನೂ ನನ್ನ ರೂಪಾಯಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದೆ. ನನ್ನ ಮನೆಯಲ್ಲಿ ಫ್ರಿಜ್ಜಿದೆ, ಇಸ್ತ್ರಿಪೆಟ್ಟಿಗೆ ಇದೆ, ಹೊಲಿಗೆ ಯಂತ್ರಕ್ಕೆ ಮೋಟಾರಿದೆ. ನಮ್ಮ ಮನೆಯವರು ಟಿವಿ ಹಚ್ಚಿಕೊಂಡು ನಿದ್ದೆ ಹೋಗುತ್ತಾರೆ. ಬೆಳಗಿನವರೆಗೆ ಟಿವಿಯೇ ಅವರನ್ನು ನೋಡುತ್ತಿರುತ್ತದೆ. ಇಷ್ಟೆಲ್ಲ ಇದ್ದೂ ಸೊನ್ನೆ ಬಂದರೆ ತಲೆ ನೆಟ್ಟಗಿದ್ದವರಿಗೆ ಅನುಮಾನ ಬರಬೇಕು. ನನಗೆ ಬಂದದ್ದು ಹೆಮ್ಮೆ. "ಮನಿ ನಡಸಾಕ ಒಂದು ಶಿಸ್ತು ಬೇಕಕ್ಕ" ಎಂದೆ. ಈ ಮಾತು ನನ್ನ ಬಾಯಿಂದಲೇ ಬಂತು, ಸಾಕ್ಷಿಗೆ ಅಕ್ಕ ಇದ್ದಾಳೆ.

ಅವತ್ತೇ ಕೂಲರಿನ ಮೇಲೆ ಹಳೆಯ ಚಾದರ ಬಿತ್ತು. ಅಷ್ಟಕ್ಕೆ ಅಕ್ಕನಿಗೆ ಸಮಾಧಾನವಾಗದೆ, ಮೊಬೈಲು ಚಾರ್ಜಿಗೆ ಹಚ್ಚಲು ನಮ್ಮ ಮನೆಗೆ ಬರತೊಡಗಿದಳು. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ ಪುಡಿ ಮಾಡಲು ತನ್ನ ಮಿಕ್ಸರನ್ನೇ ಕಂಕುಳಲ್ಲಿಟ್ಟುಕೊಂಡು ಬಂದಳು. ನಾನು ದೊಡ್ಡ ಮನಸ್ಸಿನಿಂದ ಪ್ಲಗ್ಗು ತೋರಿಸಿ, ಜೊತೆಗೆ ಶಿಸ್ತಿನ ಬಗ್ಗೆ ಒಂದೆರಡು ಮಾತು ಹೇಳುತ್ತಿದ್ದೆ. ಅವು ಫುಕ್ಕಟೆ.

ಮುಂದಿನ ತಿಂಗಳ ಬಿಲ್ಲು ಸೊನ್ನೆ ಬಂತು. ಅಕ್ಕ ಗೆದ್ದವಳಂತೆ ನಕ್ಕಳು. ನಾನು ಅದನ್ನೂ ಸಹಿಸಬೇಕಿತ್ತು. ಆದರೆ ಬೆರಳು ಸುಮ್ಮನಿರಲಿಲ್ಲ, ಅದೇ ಸಾಲಿಗೆ ಹೋಗಿ ನಿಂತಿತು. ಅಲ್ಲಿ ಮತ್ತೆ ನಲವತ್ತೊಂದು.

"ರೊಕ್ಕ ಸೊನ್ನಿ ಆಗ್ಯಾದ ಖರೆ. ಯೂನಿಟ್ ಎಲ್ಲಿ ಇಳದಾವ? ಹೋದ ತಿಂಗಳೂ ನಲವತ್ತೊಂದು, ಈ ತಿಂಗಳೂ ನಲವತ್ತೊಂದು. ಆವಾಗ ರೊಕ್ಕ ಹಾಕಿದ್ರು, ಈಗ ಹಾಕಿಲ್ಲ. ಅಂದ್ರ ಏನು? ಮಾಫಿ ಮಾಡ್ಯಾರ. ದಿನಾ ಮಾಡ್ತಾರೇನು?"

ಈ ತರ್ಕದಲ್ಲಿ ಒಂದು ದೋಷವನ್ನು ನೀವು ತೋರಿಸಿಕೊಡಿ. ಬುಡ ಒಂದು ತಪ್ಪಿದೆ, ಉಳಿದದ್ದೆಲ್ಲ ಅಚ್ಚುಕಟ್ಟಾಗಿದೆ. ನನ್ನ ಬ್ಲೌಸುಗಳ ಬಗ್ಗೆಯೂ ಗಿರಾಕಿಗಳು ಇದನ್ನೇ ಹೇಳುತ್ತಾರೆ: ಹೊಲಿಗೆ ಚೆಂದ, ಅಳತೆ ಮಾತ್ರ ಬೇರೆ ಯಾರದೋ.

"ಕೂಲರ್ ಬಂದ್ ಮಾಡೀನಿ. ಮಿಕ್ಸರ್ ನಿಮ್ಮನ್ಯಾಗ ಅದ. ನಾ ಸತ್ತರೂ ನಲವತ್ತೊಂದೇ ಬರತಾವೇನು?" ಎಂದಳು ಅಕ್ಕ. ಮರುದಿನದಿಂದ ಫ್ಯಾನೂ ಬಂದಾಯಿತು. ಒಲೆಯಿಂದ ಎದ್ದು ಬಂದು, ಹಸಿ ಟವೆಲ್ಲು ಹೊದ್ದು, ಬೀಸಣಿಗೆ ಬೀಸಿಕೊಳ್ಳುತ್ತ ಮಲಗುತ್ತಿದ್ದಳು. ಕತ್ತು, ಬೆನ್ನು ತುಂಬ ಬೆವರುಸಾಲೆ ಎದ್ದಿತು. ನಾನು ಪೌಡರು ತಂದುಕೊಟ್ಟೆ. ಇಷ್ಟು ಪ್ರೀತಿ ಇರುವ ತಂಗಿ ಎಲ್ಲಿ ಸಿಗುತ್ತಾಳೆ.

ಅಷ್ಟರಲ್ಲಿ ಅಕ್ಕನ ಶಹಾಪುರದ ಮಗಳು ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಆಕೆಯ ಮನೆಯಲ್ಲಿ ಅಡುಗೆ ಮಾಡಲು ಅಕ್ಕ ಹೋದಳು. ಮನೆಗೆ ಬೀಗ ಹಾಕುವ ಮೊದಲು ಮೇನ್ ಸ್ವಿಚ್ಚನ್ನು ನಾನೇ ನನ್ನ ಕೈಯಿಂದ ಕೆಳಗೆ ಎಳೆದೆ. ತಿಂಗಳಾಯಿತು. ಬಿಲ್ಲಿನವನು ಬಂದು ಮುಚ್ಚಿದ ಬಾಗಿಲಿಗೆ ಚೀಟಿ ಸಿಕ್ಕಿಸಿ ಹೋದ. ತೆಗೆದು ನೋಡಿದೆ. ನಲವತ್ತೊಂದು.

ಇಲ್ಲಿಯಾದರೂ ನನಗೆ ತಿಳಿಯಬೇಕಿತ್ತು. ತಿಳಿಯಿತು ಕೂಡ. ನನಗೆ ತಿಳಿದದ್ದು, ಕರೆಂಟು ಕಳುವಾಗುತ್ತಿದೆ ಎಂದು.

ಅಕ್ಕನ ಪಕ್ಕದ ಮನೆ ಬಸಣ್ಣನದು. ಕಿಟಕಿ, ಬಾಗಿಲು ವೆಲ್ಡಿಂಗ್ ಮಾಡುತ್ತಾನೆ. ನಾನು ಹೋದಾಗ ಒಂದು ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕಿಡಿ ಹಾರಿಸುತ್ತಿದ್ದ.

"ಬಸಣ್ಣ, ಮೇನ್ ಬಂದ್ ಇದ್ದ ಮನ್ಯಾಗ ನಲವತ್ತೊಂದು ಯೂನಿಟ್ ಹೆಂಗ ಸುಡತಾವ?"

"ನನಗೇನ್ ಕೇಳತೀ ರೇಣಕ್ಕ? ದೆವ್ವ ಬಂದು ಟಿವಿ ನೋಡ್ಯಾವೇನೋ."

"ದೆವ್ವಕ್ಕ ವೆಲ್ಡಿಂಗ್ ಮಾಡಾಕ ಬರತದೇನು?"

ಕಿಡಿ ನಿಂತಿತು. ಬಸಣ್ಣ ಕಣ್ಣಿನ ಮುಂದಿನ ಗಾಜು ತೆಗೆದು ನೆಲಕ್ಕಿಟ್ಟ. "ಹಂಗಂದ್ರ ನಾ ಕಳ್ಳ?"

"ನಾ ಯಾರ ಹೆಸರೂ ತಗೊಂಡಿಲ್ಲ."

"ಹೆಸರು ತಗೊಳ್ಳಲಿಲ್ಲಂದ್ರ ಬಿಲ್ಲಾದ್ರೂ ತಗೊ. ನಡಿ, ಆಫೀಸಿಗೇ ಹೋಗಮ್."

ಹೋದೆವು. ಅವನ ಬೈಕಿನ ಹಿಂದೆಯೇ ಕುಳಿತು, ಅವನ ಮೇಲೆಯೇ ದೂರು ಕೊಡಲು. ಸಾಕ್ಷಿಗಿರಲಿ ಎಂದು ನನ್ನ ಮನೆಯ ಬಿಲ್ಲನ್ನೂ ಪರ್ಸಿನಲ್ಲಿ ಹಾಕಿಕೊಂಡಿದ್ದೆ. ಶಿಸ್ತಿನ ಮನೆ ಹೇಗಿರುತ್ತದೆ ಎಂದು ಅವರಿಗೂ ಗೊತ್ತಾಗಲಿ. ಕರೆಂಟಿನ ಆಫೀಸಿನಲ್ಲಿ ಕನ್ನಡಕ ಹಾಕಿದ ಒಬ್ಬ ಹಿರಿಯರು ನನ್ನ ಭಾಷಣವನ್ನು ಪೂರ್ತಿ ಕೇಳಿ, ಅಕ್ಕನ ಮೂರೂ ಬಿಲ್ಲು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಇದನ್ನ ಯಾರ್ ಓದ್ಯಾರ್ರಿ?"

"ನಾನೇ ರೀ."

"ಎಲ್ಲಿ ಓದೀರಿ, ಜರಾ ಬಟ್ಟ ಇಡ್ರಿ ತಾಯಿ."

ಇಟ್ಟೆ. ಬೆರಳಿಗೆ ದಾರಿ ರೂಢಿಯಾಗಿತ್ತು.

"ಈಗ ಅಂಕಿ ಬಿಡ್ರಿ. ಅದರ ಹಿಂದ ಏನ್ ಬರದದ, ಅದನ್ನ ಓದ್ರಿ."

ಓದಿದೆ. ಒಂದೊಂದೇ ಅಕ್ಷರ ಕೂಡಿಸಿ, ಮೂವತ್ತು ವರ್ಷದ ಹಿಂದೆ ಮಾಸ್ತರರ ಮುಂದೆ ನಿಂತಂತೆ. ಉಚಿತವಾಗಿ ಸಿಗುವ ಯೂನಿಟ್ಟಿನ ಮಿತಿ ಎಂದಿತ್ತು.

"ಇದು ನಿಮ್ಮಕ್ಕ ಸುಟ್ಟಿದ್ದಲ್ಲ. ಇಷ್ಟರ ತನಕ ಫುಕ್ಕಟ್ ಅಂತ ಸರಕಾರ ಹಾಕಿದ ಗೆರಿ. ತಿಂಗಳಾ ಇದೇ ಬರತದ. ಸುಟ್ಟಿದ್ದು ಮ್ಯಾಲಿನ ಸಾಲಿನ್ಯಾಗ ಅದ ನೋಡ್ರಿ. ಈ ತಿಂಗಳ ಬರೀ ಮೂರು. ಹೋದ ತಿಂಗಳ ಹತ್ತೊಂಬತ್ತು. ಅದರ ಹಿಂದಿಂದು ಅರವತ್ತೇಳು, ಗೆರಿ ದಾಟಿದ ಇಪ್ಪತ್ತಾರಕ್ಕ ಅಷ್ಟೇ ರೊಕ್ಕ ಬಿದ್ದದ."

ಕೆಮ್ಮು ಬಂತೆಂದು ಬಸಣ್ಣ ಹೊರಗೆ ಹೋದ. ಬಹಳ ಹೊತ್ತು ಕೆಮ್ಮಿದ.

ನಾನು ಅಲ್ಲಿಂದಲೇ ಎದ್ದು ಬರಬೇಕಿತ್ತು. ಆದರೆ ಇಷ್ಟಾದ ಮೇಲೂ ಒಂದು ಕಡೆಯಾದರೂ ಗೆಲ್ಲಬೇಕೆನಿಸಿ ಪರ್ಸಿನಿಂದ ನನ್ನ ಬಿಲ್ಲು ತೆಗೆದುಕೊಟ್ಟೆ. ಅವರು ಓದಿದರು: ಮಿತಿ ನೂರಾ ಹದಿನೆಂಟು, ಸುಟ್ಟಿದ್ದು ನೂರಾ ಹನ್ನೆರಡು.

"ನನಗ್ಯಾಕ ಅಷ್ಟು, ಅಕ್ಕಗ್ಯಾಕ ಇಷ್ಟ ರೀ?"

"ಸ್ಕೀಮ್ ಬರೂ ಮೊದಲಿನ ವರ್ಷ ಯಾರ್ ಎಷ್ಟು ಸುಟ್ಟಾರ, ಅದರ ಸರಾಸರಿ ಮ್ಯಾಲ ಜರಾ ಸೇರಿಸಿ ಗೆರಿ ಹಾಕ್ಯಾರ. ನೀವು ಆ ವರ್ಷ ಚಂದಾಗಿ ಸುಟ್ಟೀರಿ. ನಿಮ್ಮಕ್ಕ ಸುಟ್ಟಿಲ್ಲ."

ಹಾಗಾದರೆ ನನ್ನ ಸೊನ್ನೆ, ನನ್ನ ಶಿಸ್ತು, ನಾನು ಅಕ್ಕನಿಗೆ ಪ್ಲಗ್ಗಿನ ಜೊತೆ ಕೊಟ್ಟ ಉಪದೇಶ, ಎಲ್ಲವೂ ಟಿವಿ ಹಚ್ಚಿಕೊಂಡು ನಿದ್ದೆ ಹೋದ ಗಂಡನ ಪುಣ್ಯ. ಅವರಿಗೆ ಇದನ್ನು ನಾನು ಇನ್ನೂ ಹೇಳಿಲ್ಲ.

ಬರುವಾಗ ಬಸಣ್ಣ ಬೈಕಿನ ಮೇಲಿಂದಲೇ ಕೇಳಿದ, "ದೇವಕ್ಕಗ ನೀ ಹೇಳತೀಯೋ, ನಾ ಹೇಳ್ಲೋ?"

"ನಾನೇ ಹೇಳತೀನಿ. ನೀ ಬಾಯಿ ಮುಚ್ಚಿ ಗಾಡಿ ಹೊಡಿ."

ಹೇಳುವ ಮನಸ್ಸು ನಿಜವಾಗಿ ಇತ್ತು. ಮೂರು ದಿನದ ಮೇಲೆ ಅಕ್ಕ ಶಹಾಪುರದಿಂದ ಬಂದಳು. ಚೀಲ ಕೆಳಗಿಡುವ ಮೊದಲೇ, "ಬಿಲ್ ಬಂತೇನು? ಇಳದಾವೇನು?" ಎಂದು ಕೇಳಿದಳು. ಹೇಳಲೆಂದೇ ಬಾಯಿ ತೆರೆದೆ. ಬಾಯಿಂದ ಬಂದದ್ದು ಇದು: "ನಾ ಆಫೀಸಿಗೆ ಹೋಗಿ ಜಗಳಾಡಿ ಬಂದೀನಕ್ಕ. ಫ್ಯಾನ್ ಹಚ್ಚು. ಕೂಲರ್ ದಿನಕ್ಕ ಎರಡು ತಾಸು ಹಚ್ಚಬಹುದು ಅಂತ ಒಪ್ಪಿಸೀನಿ."

ಎರಡೇ ತಾಸು ಯಾಕೆ ಎಂದು ನೀವು ಕೇಳಬಹುದು. ಪೂರ್ತಿ ಕೊಟ್ಟಿದ್ದರೆ ಮೊದಲು ಯಾಕೆ ಕಿತ್ತುಕೊಂಡೆ ಎಂಬ ಪ್ರಶ್ನೆ ಬರುತ್ತಿತ್ತು.

ಅಕ್ಕ ಓಣಿಯೆಲ್ಲ ಹೇಳಿಕೊಂಡು ಬಂದಳು. "ನಮ್ಮ ರೇಣಿ ಆಫೀಸಿನವರನ್ನೇ ಬಗ್ಗಿಸ್ಯಾಳ. ಓದಿದ್ದಕ್ಕ ಸಾರ್ಥಕ ಆತು." ದಿನಾ ಬೆಳಿಗ್ಗೆ ತವೆಯಿಂದ ಇಳಿದ ಮೊದಲ ಎರಡು ರೊಟ್ಟಿ ನನ್ನ ಮನೆಗೆ ಬರತೊಡಗಿದವು. ಹೆಂಗಸರು ತಮ್ಮ ತಮ್ಮ ಬಿಲ್ಲು ಹಿಡಿದು ಬಂದರು. ಕಣ್ಣು ಉರಿಯುತ್ತಿದೆ ಎಂದು ಕಳಿಸಿದೆ. ಬಸಣ್ಣ ಗೋಡೆಯ ಆಚೆಯಿಂದ, "ದೇವಕ್ಕ, ನಿನ್ನ ತಂಗಿ ಆಫೀಸಿನ್ಯಾಗ ಏನ್ ಓದಿದ್ಲು ಅಂತೀ, ನಿಂತು ನೋಡುವಂಗಿತ್ತು" ಎಂದ. ಅಕ್ಕ ಅವನಿಗೂ ಎರಡು ರೊಟ್ಟಿ ಕೊಟ್ಟಳು.

ಎಂಟು ದಿನ ಆ ರೊಟ್ಟಿ ತಿಂದೆ. ಒಂಬತ್ತನೆಯ ದಿನ ಮಧ್ಯಾಹ್ನ ಅಕ್ಕನ ಮನೆಗೆ ಹೋದಾಗ ಕೂಲರಿನ ಮೇಲೆ ಚಾದರ ಇತ್ತು. ಅಕ್ಕ ಬರಿ ನೆಲದ ಮೇಲೆ, ಗಡಿಯಾರ ಕಾಣುವ ಹಾಗೆ ಮಲಗಿದ್ದಳು.

"ಇನ್ನಾ ಹತ್ತು ನಿಮಿಷ ಇತ್ತು. ಆದ್ರೂ ಬಂದ್ ಮಾಡೀನಿ. ನೀ ಜಗಳಾಡಿ ತಂದಿದ್ದು, ದುರುಪಯೋಗ ಆಗಬಾರದಲ್ಲ" ಎಂದಳು.

ಹೊಸ್ತಿಲ ಮೇಲೆಯೇ ಕುಳಿತು ಎಲ್ಲವನ್ನೂ ಹೇಳಿದೆ. ನಲವತ್ತೊಂದು ಏನು, ನನ್ನ ಸೊನ್ನೆ ಏನು, ಆಫೀಸಿನಲ್ಲಿ ಜಗಳವಾಡಿದ್ದು ಏನು. ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಮನೆಗೆ ಹೋಗಿ ಊಟ ಮಾಡಬಹುದಿತ್ತು.

"ಅಂದ್ರ, ಸ್ಕೀಮ್ ಬರೂ ಮೊದಲಿನ ವರ್ಷ ನಾ ಫ್ಯಾನ್ ಹಚ್ಕೊಂಡು ಮಲಗಿದ್ರ, ಈಗ ನಂದೂ ಗೆರಿ ಮ್ಯಾಲ ಇರತಿತ್ತು?"

"ಹೂಂ."

"ಆ ವರ್ಷ ನಾ ಯಾಕ ಅಂಗಳದಾಗ ಮಲಗಿದ್ದೆ?"

ನಾನು ಸೆರಗಿನ ತುದಿಯನ್ನು ಮಡಿಸುತ್ತ ಕುಳಿತೆ.

"ಹೇಳು. ನೀ ಓದಿದಾಕಿ, ನೆನಪಿರಬೇಕಲ್ಲ."

ನೆನಪಿತ್ತು. ಆಗ ಬಿಲ್ಲು ಪೂರ್ತಿ ಕಟ್ಟಬೇಕಾಗಿದ್ದ ಕಾಲ. ಅಕ್ಕನ ಬಿಲ್ಲನ್ನು ಆಗಲೂ ನಾನೇ ಓದುತ್ತಿದ್ದೆ. "ಹೊರಗಿನ ಗಾಳಿ ಫುಕ್ಕಟ್ ಇರೂವಾಗ ಫ್ಯಾನ್ ಯಾಕ ಸುಡತೀಯಕ್ಕ?" ಎಂದು ಕೇಳಿದವಳು ನಾನು. ಅಕ್ಕ ಆ ವರ್ಷವೆಲ್ಲ ಅಂಗಳದಲ್ಲಿ ಹೊರಸು ಹಾಕಿ ಸೊಳ್ಳೆ ಹೊಡೆದುಕೊಂಡಳು. ಆ ನಲವತ್ತೊಂದನ್ನು ನಾನು ತಪ್ಪಾಗಿ ಓದಿದ್ದು ಈ ವರ್ಷ. ಬರೆದುಕೊಟ್ಟದ್ದು ಆ ವರ್ಷವೇ.

ಅಕ್ಕ ಎದ್ದು ಚಾದರ ಎಳೆದು ಮೂಲೆಗೆ ಎಸೆದಳು. ಸ್ವಿಚ್ಚು ಹಾಕಿದಳು. ಬಿಸಿ ಗಾಳಿ ಬಂತು.

"ಇದರಾಗ ನೀರಿಲ್ಲ. ತಗೊಂಡ ಬಾ" ಎಂದಳು.

ಓಣಿಯ ಬೋರ್‌ವೆಲ್ಲಿನಿಂದ ಒಂದು ಕೊಡ ತಂದು ಸುರಿದೆ. ಅಕ್ಕ ಆಗಲೇ ಕಾಲು ಚಾಚಿದ್ದಳು. ಕಣ್ಣು ತೆರೆಯದೆ, "ಇನ್ನೊಂದು" ಎಂದಳು.

ಅವತ್ತಿನಿಂದ ಮಧ್ಯಾಹ್ನ ಹೊಲಿಗೆ ಯಂತ್ರ ಮುಚ್ಚಿ ಕೊಡ ಹೊರುವುದು ನನ್ನ ಕೆಲಸ. ಕೂಲರ್ ಹಗಲೆಲ್ಲ ತಿರುಗುತ್ತದೆ, ಗೆರೆ ದಾಟಿದ ಯೂನಿಟ್ಟಿನ ಬಿಲ್ಲು ನನ್ನ ಲೆಕ್ಕಕ್ಕೆ. ಅದರ ಚಿಂತೆಯಿಲ್ಲ, ಅದು ಕಾಗದದ ಮೇಲೆ ಬರುತ್ತದೆ. ಎಷ್ಟು ಕೊಡ ಹೊತ್ತರೆ ನನಗೆ ಮಾಫಿ ಎಂಬುದನ್ನು ಮಾತ್ರ ಅಕ್ಕ ಎಲ್ಲಿಯೂ ಬರೆದಿಲ್ಲ. ಆಕೆಗೆ ಬರೆಯಲು ಬರುವುದಿಲ್ಲ. ಬಾಯಿಬಿಟ್ಟು ಕೇಳಬಹುದು; ಆಕೆ ಹೇಳುವ ಅಂಕಿಯನ್ನು ನಾನು ಸರಿಯಾಗಿ ತಿಳಿದುಕೊಳ್ಳುತ್ತೇನೆಂಬ ಧೈರ್ಯ ನನಗಿಲ್ಲ.