ಕ್ವೆಡ್ಲಿನ್‌ಬುರ್ಗಿನಲ್ಲಿ ಕೈಕಟ್ಟಿ ಕೂತ ಫಿಟ್ಟರ್

"ಈ ಪ್ರವಾಸ ಮುಗಿಯೋವರೆಗೂ ನಾನು ಒಂದು ಸ್ಕ್ರೂ ಕೂಡ ಮುಟ್ಟಲ್ಲ! ಇದು ವೆಂಡೆಲಿನ್ ಬ್ರೆಂಡ್ಲೆಯ ಮಾತು!"

ಹೀಗೆ ಗುಡುಗಿದ್ದು ಮನೆಯ ಹೊಸ್ತಿಲಲ್ಲಿ, ಸೂಟ್‌ಕೇಸಿನ ಮೇಲೆ ಒಂದು ಕಾಲಿಟ್ಟು, ದಂಡಯಾತ್ರೆಗೆ ಹೊರಟ ದಳಪತಿಯ ಠೀವಿಯಲ್ಲಿ. ಎದುರಿಗೆ ಹೆಂಡತಿ ರೊಸ್ವಿಟಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದಳು. ಅವಳ ಮುಖದಲ್ಲಿ ನಂಬಿಕೆಯ ಸುಳಿವೂ ಇರಲಿಲ್ಲ.

ಪಾಪ, ಅವಳದೇನು ತಪ್ಪು? ವೆಂಡೆಲಿನ್ ಎಂದರೆ ಜರ್ಮನಿಯ ರಾಯ್ಟ್‌ಲಿಂಗನ್ ಊರಿನ ಅರ್ಧದಷ್ಟು ಮನೆಗಳಿಗೆ ಹೀಟರ್ ಜೋಡಿಸಿ ನಿವೃತ್ತನಾದ ಫಿಟ್ಟರ್. ನಿವೃತ್ತಿಯಾಗಿದ್ದು ಸಂಬಳಕ್ಕೆ ಮಾತ್ರ, ಕೈಗಳಿಗಲ್ಲ! ನಾದಿನಿಯ ಮನೆಯ ಹುಟ್ಟುಹಬ್ಬಕ್ಕೆ ಹೋದರೆ ಕೇಕು ಕತ್ತರಿಸುವ ಹೊತ್ತಿಗೆ ಈತ ಅಡುಗೆಮನೆಯ ಸಿಂಕಿನ ಕೆಳಗೆ ಮಲಗಿರುತ್ತಿದ್ದ. ರೊಸ್ವಿಟಾಳ ಚಿಕ್ಕಮ್ಮ ತೀರಿಹೋದಾಗಂತೂ ಪಾದ್ರಿಗಳು ಗದ್ಗದಿತರಾಗಿ "ಆಕೆಯ ಆತ್ಮಕ್ಕೆ ಶಾಂತಿ" ಎನ್ನುತ್ತಿದ್ದಂತೆ ಗೋಡೆಯ ಮೂಲೆಯಿಂದ 'ಠಣ್!' ಎಂದು ಸದ್ದು ಬಂತು. ಪ್ರಾರ್ಥನಾ ಮಂದಿರದ ಹೀಟರಿನ ಹಿಂದಿನಿಂದ ವೆಂಡೆಲಿನ್ ತಲೆ ಎತ್ತಿ, "ಈಗ ಶಾಂತಿ. ಮುಂದುವರಿಸಿ ಸ್ವಾಮಿ" ಎಂದಿದ್ದ!

ಈಗ ಹೊರಟಿದ್ದು ಮದುವೆಯ ನಲವತ್ತನೇ ವರ್ಷದ ಸಂಭ್ರಮಕ್ಕೆ. ಊರು, ಹೋಟೆಲು ಎಲ್ಲವನ್ನೂ ಈ ಸಲ ತಾನೇ ಆರಿಸುತ್ತೇನೆಂದು ರೊಸ್ವಿಟಾ ಹಟ ಹಿಡಿದಿದ್ದಳು.

"ಮುಟ್ಟಿದ್ರೆ?" ಎಂದಳು ಅವಳು.

"ಮುಟ್ಟಿದ್ರೆ ನನ್ನ ನೆಲಮಾಳಿಗೆ ನಿಂದು!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ನೆಲಮಾಳಿಗೆ ಎಂದರೆ ಮನೆಯ ಕೆಳಗಿನ ಬರೀ ಒಂದು ಕೋಣೆಯಲ್ಲ, ವೆಂಡೆಲಿನ್‌ನ ಸಾಮ್ರಾಜ್ಯ! ಅಲ್ಲಿ ಸ್ಪ್ಯಾನರುಗಳು ಗಾತ್ರಕ್ಕೆ ತಕ್ಕಂತೆ ಗೋಡೆಯಲ್ಲಿ ಸಾಲಾಗಿ ನೇತಾಡುತ್ತಿದ್ದವು. ಒಂದು ರೇಡಿಯೋ ಇತ್ತು, ಬಿಯರ್ ಇಡಲು ಪುಟ್ಟ ಫ್ರಿಜ್ ಇತ್ತು, ಕಾಲು ಚಾಚಲು ಹಳೆಯ ಬಸ್ಸಿನ ಸೀಟು ಇತ್ತು. ಅದೇ ಕೋಣೆಯಲ್ಲಿ ಒಂದು ಮಗ್ಗ ಹಾಕಿಕೊಂಡು ಜಮಖಾನೆ ನೇಯಬೇಕೆಂದು ರೊಸ್ವಿಟಾ ವರ್ಷಗಳಿಂದ ಕನಸು ಕಾಣುತ್ತಿದ್ದಳು. ಮಗ್ಗದ ಸುದ್ದಿ ಎತ್ತಿದರೆ ಸಾಕು, ವೆಂಡೆಲಿನ್‌ಗೆ ಕಿವಿ ಕೇಳಿಸುತ್ತಿರಲಿಲ್ಲ.

"ಕೈ ಕೊಡು" ಎಂದಳು. ಇಬ್ಬರೂ ಕೈ ಕುಲುಕಿದರು. ರೊಸ್ವಿಟಾ ಅವನ ಸೂಟ್‌ಕೇಸು ಬಿಚ್ಚಿ, ಕಾಲುಚೀಲಗಳ ನಡುವೆ ಮಲಗಿದ್ದ ಎರಡು ಸ್ಕ್ರೂಡ್ರೈವರ್, ಒಂದು ಇಕ್ಕಳ ಹೊರತೆಗೆದಿಟ್ಟಳು. "ಇವು ಹೇಗೆ ಬಂದ್ವೋ!" ಎಂದು ವೆಂಡೆಲಿನ್ ಅವಳಿಗಿಂತ ಹೆಚ್ಚು ಆಶ್ಚರ್ಯಪಟ್ಟ.

ಕ್ವೆಡ್ಲಿನ್‌ಬುರ್ಗಿನ ಹೋಟೆಲು ಪೇಟೆ ಚೌಕದಲ್ಲೇ ಇತ್ತು, ಹಳೆಯ ಪುರಭವನದ ಪಕ್ಕದಲ್ಲಿ. ಅಗ್ಗದ ಹೋಟೆಲು. ಲಿಫ್ಟ್ ಇಲ್ಲ. ಮರದ ತೊಲೆಗಳ ಆ ಮನೆಗೆ ಎಷ್ಟು ಶತಮಾನದ ವಯಸ್ಸೋ, ಅಷ್ಟೂ ಶತಮಾನದಿಂದ ಅದು ಒಂದು ಮಗ್ಗುಲಿಗೆ ವಾಲುತ್ತ ಬಂದಿತ್ತು. ಮೇಲಂತಸ್ತಿನ ಕೋಣೆಯಲ್ಲಿ ನೆಲ ಎಷ್ಟು ಇಳಿಜಾರೆಂದರೆ, ಮಂಚದಿಂದ ಬಾಗಿಲಿಗೆ ಹೋಗುವಾಗ ಓಟ, ಬಾಗಿಲಿಂದ ಮಂಚಕ್ಕೆ ಬರುವಾಗ ಏದುಸಿರು! ಒಡತಿ ಫ್ರೌ ನೋಲ್ಟೆ ಇಸ್ತ್ರಿ ಹಾಕಿದ ಬಿಳಿ ಬೆಡ್‌ಶೀಟಿನಂಥ ಹೆಂಗಸು, ಒಂದು ಸುಕ್ಕಿಲ್ಲ, ಒಂದು ನಗು ಇಲ್ಲ. "ಮಧ್ಯಾಹ್ನ ಒಂದರಿಂದ ಮೂರರವರೆಗೆ ವಿಶ್ರಾಂತಿ ಹೊತ್ತು. ಮೆಟ್ಟಿಲ ಮೇಲೆ ಸದ್ದು ಬೇಡ" ಎಂದು ಕೀಲಿ ಕೊಟ್ಟಳು.

ವೆಂಡೆಲಿನ್ ರಾಜಗಾಂಭೀರ್ಯದಿಂದ ಮಂಚದ ಮೇಲೆ ಕೂತ. ಕಿಟಕಿ ಕಿರುಗುಟ್ಟಿತು, ಮುಟ್ಟಲಿಲ್ಲ. ಮೇಜು ಕುಂಟಿತು, ಮುಟ್ಟಲಿಲ್ಲ. "ನೋಡ್ತಿದ್ದೀಯಾ?" ಎಂದು ಹೆಂಡತಿಯ ಕಡೆ ಹುಬ್ಬು ಹಾರಿಸಿದ. ಅಷ್ಟರಲ್ಲಿ ಕಿಟಕಿಯ ಕೆಳಗೆ, ಒಳಗೆ ಬಿಸಿನೀರು ಹರಿಸಿ ಕೋಣೆ ಬೆಚ್ಚಗಿಡುವ ಕಬ್ಬಿಣದ ಹೀಟರು ಮಾತಾಡಿತು.

ಗುಳು... ಗುಳು... ಗುಳು... ಟಕ್!

ಫಿಟ್ಟರನ ಬೆನ್ನು ನೆಟ್ಟಗಾಯಿತು. ಹೀಟರಿನೊಳಗೆ ಗಾಳಿ ಸೇರಿಕೊಂಡಿದೆ! ಅದರ ತಲೆಯಲ್ಲಿರುವ ಪುಟ್ಟ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ಗಾಳಿ ಬಿಟ್ಟರೆ ಮುಗಿಯಿತು. ಮಕ್ಕಳಾಟ!

"ಏನೋ ಸದ್ದಾಗ್ತಿದೆ ಅಲ್ವಾ?" ಎಂದ, ಆದಷ್ಟೂ ಉದಾಸೀನವಾಗಿ.

"ನಂಗೇನೂ ಕೇಳಿಸ್ತಿಲ್ಲಪ್ಪ" ಎಂದು ರೊಸ್ವಿಟಾ ಮಗ್ಗುಲಾದಳು. ಆ ರಾತ್ರಿ ಅವಳು ಎಳೆಮಗುವಿನಂತೆ ಮಲಗಿದಳು. ವೆಂಡೆಲಿನ್ ಪ್ರತಿ 'ಟಕ್'ಗೂ ಒಂದೊಂದು ಬೈಗುಳ ಜಪಿಸುತ್ತ ಬೆಳಗು ಮಾಡಿದ.

ಮರುದಿನ ಶನಿವಾರ. ಊಟವಾದ ಮೇಲೆ ರೊಸ್ವಿಟಾ ಬೆಟ್ಟದ ಮೇಲಿನ ಇಗರ್ಜಿ ನೋಡಿ, ಹಾಗೇ ಚೀಸ್‌ಕೇಕ್ ತಿಂದು ಬರುತ್ತೇನೆಂದು ಹೊರಟಳು.

"ನೀನೂ ಬಾರೋ."

"ಕಾಲು ನೋವು ಕಣೇ. ಸ್ವಲ್ಪ ಒರಗ್ತೀನಿ."

"ಒರಗು. ಕೈ ಎರಡೂ ಹೊದಿಕೆ ಒಳಗಿರಲಿ" ಎಂದು ಬಾಗಿಲೆಳೆದುಕೊಂಡಳು.

ಅವಳ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಮಾಯವಾದದ್ದೇ ತಡ, ಹೀಟರು ಅಣಕಿಸಿತು. ಗುಳು ಗುಳು ಟಕ್! ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ವೆಂಡೆಲಿನ್ ಎದ್ದು ಕೂತ. ಮನಸ್ಸಿನೊಳಗೆ ಒಂದು ಸಣ್ಣ ನ್ಯಾಯಾಲಯ ನಡೆಯಿತು. ರಿಪೇರಿ ಮಾಡಲ್ಲ ಅಂತ ತಾನೇ ಮಾತು? ಗಾಳಿ ಬಿಡೋದು ರಿಪೇರಿ ಹೇಗಾಗುತ್ತೆ? ಕಿಟಕಿ ತೆಗೆದರೂ ಗಾಳಿಯೇ, ಇದೂ ಗಾಳಿಯೇ! ವಕೀಲನೂ ಅವನೇ, ನ್ಯಾಯಾಧೀಶನೂ ಅವನೇ ಆದ್ದರಿಂದ ತೀರ್ಪು ಬೇಗ ಬಂತು. ಮನೆ ಕೀಲಿಯ ಗೊಂಚಲಲ್ಲಿ, ರೊಸ್ವಿಟಾಳ ತಪಾಸಣೆಗೆ ಸಿಗದೆ ಉಳಿದಿದ್ದ ಹೀಟರಿನ ಸ್ಕ್ರೂ ತಿರುಗಿಸುವ ಬೆರಳುಗಾತ್ರದ ಹಿತ್ತಾಳೆಯ ಕೀ ಹೊರಬಂತು.

ಸಾಮಾನ್ಯ ಜನ ಈ ಕೆಲಸ ಮಾಡುವಾಗ ಕೆಳಗೆ ಒಂದು ಲೋಟ ಹಿಡಿಯುತ್ತಾರೆ. ವೆಂಡೆಲಿನ್ ಸಾಮಾನ್ಯ ಜನವೇ? "ಲೋಟ ಹಿಡಿಯೋನು ಫಿಟ್ಟರೇ ಅಲ್ಲ!" ಎಂದು ಶಿಷ್ಯರಿಗೆ ಪಾಠ ಹೇಳಿದವನು. ಹೆಬ್ಬೆರಳೊಂದನ್ನು ಸಿದ್ಧವಿಟ್ಟುಕೊಂಡು ಅರ್ಧ ಸುತ್ತು ತಿರುಗಿಸಿದ. ಸುಸ್ಸ್ಸ್ ಎಂದು ಗಾಳಿ ಹೊರಟಿತು. ಆಹಾ, ಸಂಗೀತ! ಇನ್ನೊಂದು ಕಾಲು ಸುತ್ತು ಇರಲಿ ಎಂದುಕೊಂಡ.

ಸವೆದಿದ್ದ ಸ್ಕ್ರೂ ಪಟ್ಟನೆ ಹಾರಿತು. ಹಿಂದೆಯೇ ಬಂತು ನೀರು! ವರ್ಷಗಟ್ಟಲೆ ಕಬ್ಬಿಣದೊಳಗೆ ಕೊಳೆತ, ಡಾಂಬರಿನಷ್ಟು ಕಪ್ಪಗಿನ ಬಿಸಿನೀರು ಬಿಲ್ಲಿನಿಂದ ಬಿಟ್ಟ ಬಾಣದಂತೆ ಕೋಣೆ ದಾಟಿ, ಮಂಚದ ಬಿಳಿ ಬೆಡ್‌ಶೀಟಿನ ನಟ್ಟನಡುವೆ ಹೋಗಿ ಬಿತ್ತು.

ವೆಂಡೆಲಿನ್ ತೂತಿಗೆ ಹೆಬ್ಬೆರಳು ಒತ್ತಿದ. "ಅಯ್ಯಯ್ಯಯ್ಯೋ!" ಸುಡುತ್ತಿತ್ತು! ಬೆರಳು ತೆಗೆದರೆ ಜಲಪ್ರಳಯ, ಇಟ್ಟರೆ ಬೆರಳಿನ ಪಲ್ಯ. ಸ್ಕ್ರೂ ಎಲ್ಲಿ? ಅದು ಇಳಿಜಾರು ನೆಲದ ಮೇಲೆ ಉರುಳುತ್ತ ಉರುಳುತ್ತ ದೂರದ ಬಾಗಿಲ ಬಳಿ ಆರಾಮಾಗಿ ಹೋಗಿ ಕೂತಿತ್ತು! ಕೈಗೆಟುಕುವಂತಿದ್ದದ್ದು ಅತಿಥಿಗಳಿಗೆಂದು ಕಿಟಕಿಯ ಅಂಚಿನಲ್ಲಿಟ್ಟಿದ್ದ ಜೆಲ್ಲಿ ಮಿಠಾಯಿ ಪೊಟ್ಟಣ ಮಾತ್ರ. ಹಲ್ಲಿನಿಂದ ಹರಿದು ಒಂದು ಕೆಂಪು ಮಿಠಾಯಿಯನ್ನು ತೂತಿಗೆ ತುರುಕಿದ. ಎರಡು ಹೆಜ್ಜೆ ಇಡುವಷ್ಟರಲ್ಲಿ ಅದು ಕರಗಿ ಜಾರಿತು. ಎರಡನೇ ಬಾಣವೂ ಬೆಡ್‌ಶೀಟಿಗೇ! ಕೊನೆಗೆ ಮೇಜಿನ ಮೇಲಿನ ಪೆನ್ಸಿಲಿನ ಚೂಪು ತುದಿ ಆ ತೂತಿಗೆ ಹೇಳಿ ಮಾಡಿಸಿದಂತೆ ಕೂತಿತು. ಬಾಗಿಲಿಗೆ ಓಡಿದ, ಸ್ಕ್ರೂ ತಂದ, ಬಿಗಿದ.

ಮೌನ. ಹೀಟರು ಪೂಜೆಗೆ ಕೂತ ಮುದುಕಿಯಂತೆ ತೆಪ್ಪಗಾಯಿತು. ಒದ್ದೆ ಅಂಗಿ, ಕೆಂಪಾದ ಹೆಬ್ಬೆರಳು, ಆದರೂ ವೆಂಡೆಲಿನ್‌ನ ಎದೆ ಒಂದು ಗೇಣು ಉಬ್ಬಿತು. ಹೆಂಡತಿಯ ನೆನಪಾಗಿ ತಕ್ಷಣ ಎರಡು ಗೇಣು ಕುಗ್ಗಿತು.

ಬೆಡ್‌ಶೀಟನ್ನು ಬಚ್ಚಲಿಗೆ ಎಳೆದೊಯ್ದು ಶಾಂಪೂ ಹಾಕಿ ಉಜ್ಜಿದ. ತಟ್ಟೆಯಷ್ಟಿದ್ದ ಕಲೆ ಉಜ್ಜಿದಷ್ಟೂ ಬೆಳೆದು ಪರಾತದಷ್ಟಾಯಿತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವನ ಪಾಡು! ಒಣಗಿದರೆ ತಿಳಿಯಾದೀತು, ಮಗುಚಿ ಹಾಸಿದರೆ ಮುಗಿದೇ ಹೋಯಿತು ಎಂದು ಧೈರ್ಯ ತಂದುಕೊಂಡ. ಹಾಸಿಗೆ ಬಟ್ಟೆಯನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟು ಗಾಳಿಗೆ ಒಡ್ಡುವುದು ಜರ್ಮನಿಯ ಮನೆಮನೆಯ ಪದ್ಧತಿ. ಯಾರು ಕೇಳುತ್ತಾರೆ? ಇಳಿಬಿಟ್ಟ. ನೀರು ಕುಡಿದು ಭಾರವಾಗಿದ್ದ ಬೆಡ್‌ಶೀಟು ಒಂದು ಕ್ಷಣ ಯೋಚಿಸಿತು. ಬೀಸುಗಾಳಿ ಒಂದು ಬಂತು. ಹೊರಟೇಹೋಯಿತು!

ಕೆಳಗೆ, ಪುರಭವನದ ಮುಂದೆ ಆಗತಾನೇ ಒಂದು ಮದುವೆಯ ಸಹಿ ಮುಗಿದಿತ್ತು. ವರ ಅಗ್ನಿಶಾಮಕ ದಳದವನು. ಗೆಳೆಯರೆಲ್ಲ ಸಮವಸ್ತ್ರದಲ್ಲಿ ಸುತ್ತ ನಿಂತಿದ್ದರು, ಆದರೆ ಎಲ್ಲರ ಮುಖ ಬಾಡಿತ್ತು. ಬಿಳಿ ಬೆಡ್‌ಶೀಟಿನ ಮೇಲೆ ಹೃದಯ ಬರೆದು, ವಧೂವರರು ಪುಟ್ಟ ಕತ್ತರಿಗಳಿಂದ ಅದನ್ನು ಕತ್ತರಿಸಿ, ಆ ತೂತಿನ ಮೂಲಕ ವರ ವಧುವನ್ನು ಎತ್ತಿಕೊಂಡು ದಾಟಬೇಕು. ಅದು ಅಲ್ಲಿನ ಶಾಸ್ತ್ರ. ಕತ್ತರಿಗಳು ಬಂದಿದ್ದವು. ಬೆಡ್‌ಶೀಟು ತರಬೇಕಾದ ದೊಡ್ಡಪ್ಪನ ಮಗ ಇನ್ನೂ ರೈಲಿನಲ್ಲೇ ಇದ್ದ.

"ಬೆಡ್‌ಶೀಟ್ ಎಲ್ರೋ?" ಎಂದು ವಧು ಅಳುದನಿಯಲ್ಲಿ ಕೇಳುತ್ತಿದ್ದಂತೆ, ಆಕಾಶದಿಂದ ಬೆಡ್‌ಶೀಟ್ ಇಳಿಯಿತು! ಬೆಂಕಿ ಬಿದ್ದ ಮನೆಯಿಂದ ಹಾರುವವರನ್ನು ಹಿಡಿದು ಪಳಗಿದ ಕೈಗಳು, ನಾಲ್ಕು ಜನ ನಾಲ್ಕು ಕಡೆ ಹಿಡಿದೇಬಿಟ್ಟರು.

"ದೇವರು ಕಳಿಸಿದ್ದು ಕಣ್ರೋ!"

"ನಡುವೆ ಗುರುತು ಬೇರೆ ಹಾಕಿ ಕಳಿಸಿದ್ದಾನೆ ನೋಡು!"

ಯಾರೋ ಲಿಪ್‌ಸ್ಟಿಕ್ ತೆಗೆದು ಆ ಕಪ್ಪು ಕಲೆಯ ಸುತ್ತ ಹೃದಯ ಬರೆದರು. ಕತ್ತರಿಗಳು ಮೇಲೆದ್ದವು. ಕಿಟಕಿಯಲ್ಲಿ ವೆಂಡೆಲಿನ್‌ನ ಪ್ರಾಣ ಬಾಯಿಗೆ ಬಂತು. ಸೊಂಟದವರೆಗೆ ಹೊರಗೆ ಬಾಗಿ ಕಿರುಚಿದ.

"ನಿಲ್ಲಿಸ್ರೋ! ಬೇಡ! ಬೇಡ! ಆಮೇಲೆ ಪಶ್ಚಾತ್ತಾಪ ಪಡ್ತೀರಾ!"

ಚೌಕವೆಲ್ಲ ಗೊಳ್ಳೆಂದಿತು. "ತಡ ಮಾಡಿದ್ರಿ ಅಜ್ಜಾ!" ಎಂದು ವರ ಮೇಲೆ ಕೈಬೀಸಿದ. "ಸಹಿ ಆಗೋಯ್ತು!"

ವೆಂಡೆಲಿನ್ ಮೆಟ್ಟಿಲುಗಳನ್ನು ಧಡಧಡ ಇಳಿದ. "ವಿಶ್ರಾಂತಿ ಹೊತ್ತು!" ಎಂದು ಫ್ರೌ ನೋಲ್ಟೆ ಕೂಗಿದ್ದು ಬೆನ್ನ ಹಿಂದೆ ಉಳಿಯಿತು. ಕಾಲುಚೀಲದಲ್ಲೇ ಚೌಕಕ್ಕೆ ನುಗ್ಗುವಷ್ಟರಲ್ಲಿ ಹೃದಯ ಕತ್ತರಿಸಿ ಆಗಿತ್ತು. "ಇವರೇ ಬೆಡ್‌ಶೀಟ್ ಕೊಟ್ಟ ಪುಣ್ಯಾತ್ಮರು!" ಎಂದು ಗೆಳೆಯರು ಅವನನ್ನು ಎಳೆದು, ಒಂದು ಕೈಗೆ ವೈನ್ ಲೋಟ, ಇನ್ನೊಂದಕ್ಕೆ ಬೆಡ್‌ಶೀಟಿನ ಮೂಲೆ ಕೊಟ್ಟು ನಿಲ್ಲಿಸಿದರು. ವರ ವಧುವನ್ನು ಎತ್ತಿಕೊಂಡು ತೂತು ದಾಟಿದ. ಚಪ್ಪಾಳೆ! ಜೋಡಿ ಪಕ್ಕಕ್ಕೆ ಸರಿಯಿತು. ಹೃದಯದ ತೂತಿನ ಆಚೆ, ಎದುರು ಮೂಲೆಯನ್ನು ಹಿಡಿದು ರೊಸ್ವಿಟಾ ನಿಂತಿದ್ದಳು!

ಕೇಕು ಮುಗಿಸಿ ಬರುತ್ತಿದ್ದವಳನ್ನು ಮೂಲೆ ಹಿಡಿಯಲು ಯಾರೋ ಕರೆದಿದ್ದರಂತೆ. ಕತ್ತರಿಸಿದ ಹೃದಯದ ತುಂಡು ಅವಳ ಕೈಯಲ್ಲೇ ಇತ್ತು.

"ಕಾಫಿ ಕಲೆ ಕಣೇ ಅದು" ಎಂದ ವೆಂಡೆಲಿನ್, ಯಾರೂ ಕೇಳದಿದ್ದರೂ.

ರೊಸ್ವಿಟಾ ತುಂಡನ್ನು ಮೂಗಿಗೆ ಹಿಡಿದಳು. "ನಲವತ್ತು ವರ್ಷ ನಿನ್ನ ಬಟ್ಟೆ ಒಗೆದಿದ್ದೀನಿ ವೆಂಡೆಲಿನ್. ಹೀಟರ್ ನೀರಿನ ವಾಸನೆ ನನಗೆ ಹೇಳಿಕೊಡ್ತೀಯಾ?"

ಲೋಟ ಹಿಡಿದ ಕೈಯ ಕಿರುಬೆರಳಲ್ಲಿ ಹಿತ್ತಾಳೆ ಕೀ ಸಮೇತ ಕೀಲಿಗೊಂಚಲು ನೇತಾಡುತ್ತಿತ್ತು. ಇನ್ನು ಮುಚ್ಚಿಡುವುದೇನು? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ವೆಂಡೆಲಿನ್ ಎದೆ ಸೆಟೆಸಿದ.

"ಹೌದು, ಮುಟ್ಟಿದೆ! ಏನೀಗ? ಹೋಗಿ ಕಿವಿಯಿಟ್ಟು ಕೇಳು. ಒಂದು ಗುಳುಗುಳು ಇಲ್ಲ, ಒಂದು ಟಕ್ ಇಲ್ಲ! ಲೋಟನೂ ಹಿಡೀಲಿಲ್ಲ ಗೊತ್ತಾ!"

ಅಷ್ಟರಲ್ಲಿ ಫ್ರೌ ನೋಲ್ಟೆ ಬಂದಳು. ತನ್ನ ಬೆಡ್‌ಶೀಟು ನೋಡಿದಳು, ಅದರೊಳಗಿನ ಹೃದಯಾಕಾರದ ಕಿಂಡಿ ನೋಡಿದಳು. ಮುಖ ಕಪ್ಪಿಡುವ ಮೊದಲೇ 'ಟಕ್ ಇಲ್ಲ' ಎಂಬ ಮಾತು ಕಿವಿಗೆ ಬಿದ್ದು ಅಲ್ಲೇ ನಿಂತಳು.

"ನಿಂತುಹೋಯ್ತಾ? ನಿಜವಾಗ್ಲೂ? ಎಷ್ಟು ಜನ ಬಂದು ನೋಡಿ ಹೋದ್ರು ಅದನ್ನ!" ಮೊದಲ ಸಲ ಅವಳ ಮುಖದಲ್ಲಿ ಒಂದು ಸುಕ್ಕು ಕಂಡಿತು. ನಗು! ವೆಂಡೆಲಿನ್ ಮತ್ತೆ ಒಂದು ಗೇಣು ಉಬ್ಬಿದ. ಅವಳು ರೊಸ್ವಿಟಾಳತ್ತ ತಿರುಗಿದಳು. "ಈಗ ಗೊತ್ತಾಯ್ತು ನೋಡಿ! ಆ ರೂಮು ಗಲಾಟೆ, ಬೇರೆ ಕೊಡ್ತೀನಿ ಅಂತ ನಾನು ಫೋನಲ್ಲಿ ಎಷ್ಟು ಹೇಳಿದ್ರೂ, 'ಇಲ್ಲ, ಸದ್ದು ಮಾಡೋ ಹೀಟರ್ ಇರೋ ರೂಮೇ ಬೇಕು' ಅಂತ ಹಟ ಹಿಡಿದ್ರಲ್ಲ ನೀವು!"

ವೆಂಡೆಲಿನ್ ಉಬ್ಬಿದ್ದಲ್ಲೇ ನಿಂತುಬಿಟ್ಟ. ಹೆಂಡತಿಯ ಕಡೆ ನೋಡಿದ. ಅವಳು ಹೃದಯದ ತುಂಡನ್ನು ನಾಜೂಕಾಗಿ ಮಡಿಸುತ್ತಿದ್ದಳು.

"ಮಗ್ಗ ಬರೋದು ಗುರುವಾರ" ಎಂದಳು. "ಬಿಡಿಬಿಡಿ ಭಾಗಗಳಾಗಿ ಬರುತ್ತಂತೆ. ಜೋಡಿಸೋದು ಭಾರೀ ಕಷ್ಟವಂತೆ. ಅಂಗಡಿಯವರೇ ಇಬ್ಬರನ್ನ ಕಳಿಸ್ತೀವಿ ಅಂದ್ರು."

"ಅಂಗಡಿಯವರಾ? ನನ್ನ ನೆಲಮಾಳಿಗೆಗಾ?" ವೆಂಡೆಲಿನ್‌ನ ಕಿವಿ ಕೆಂಪಾಯಿತು. "ಆ ಬೃಹಸ್ಪತಿಗಳಿಗೆ ಸ್ಕ್ರೂ ಹಿಡಿಯೋಕೆ ಬರುತ್ತಾ? ನಾನಿರೋವಾಗ ಬೇರೆಯವರು ನಮ್ಮನೇಲಿ ಸ್ಪ್ಯಾನರ್ ಎತ್ತೋದಾ? ನಾನೇ ಜೋಡಿಸ್ತೀನಿ! ಒಂದೇ ದಿನದಲ್ಲಿ! ಈಗ್ಲೇ ಫೋನ್ ಮಾಡಿ ಬರಬೇಡಿ ಅನ್ನು!"

"ಅಂದಾಗಿದೆ" ಎಂದಳು ರೊಸ್ವಿಟಾ, "ಹೋದ ವಾರಾನೇ."