ನಮ್ಮ ಟೆಂಟಿನ ಮಂದಿ ಮತ್ತು ಚಂದ್ರನ ಮೇಲೆ ಉಳಿದವನು

ಟೀವಿ ಹಾಕಿದರೆ ಸಾಕು, ನಮ್ಮ ಮನೆಯಲ್ಲಿ ಪಂಚಾಯಿತಿ ಶುರುವಾಗುತ್ತದೆ. ರಾಜರ ಧಾರಾವಾಹಿ ಬಂದರೆ ನನ್ನ ಹೆಂಡತಿ ರಾಣಿಯ ನೆರಿಗೆ ಸರಿಯಿಲ್ಲ ಅನ್ನುತ್ತಾಳೆ. ಆಕಾಶನೌಕೆಯ ಕಥೆ ಬಂದರೆ ಪಕ್ಕದ ಮನೆಯಾಕೆ, ಅಷ್ಟು ದೂರ ಹೊರಟವರ ಕೈಯಲ್ಲಿ ಒಂದು ಬುತ್ತಿಗಂಟೂ ಇಲ್ಲವಲ್ಲ ಅಂತ ಕೊರಗುತ್ತಾಳೆ. ನನಗೇನೂ ಬೇಸರವಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ, ಈ ಸೀಮೆಯ ಮಂದಿ ಆಟ ನೋಡಿ ಸುಮ್ಮನೆ ಎದ್ದುಹೋದದ್ದನ್ನು ನಾನು ಕಂಡೇ ಇಲ್ಲ.

ಐವತ್ತರ ದಶಕದಲ್ಲಿ ನಾನು ಈ ಊರುಗಳನ್ನು ಸುತ್ತುತ್ತಿದ್ದ ಒಂದು ಟೂರಿಂಗ್ ಟಾಕೀಸಿನಲ್ಲಿ ಕೆಲಸಕ್ಕಿದ್ದೆ. ಬಾಗಿಲಲ್ಲಿ ಟಿಕೆಟ್ ಹರಿಯುವುದು, ಒಳಗೆ ಕಥೆ ಹೇಳುವುದು, ಎರಡೂ ನನ್ನದೇ. ಇದ್ದದ್ದು ಒಂದೇ ಪ್ರೊಜೆಕ್ಟರು. ಒಂದು ರೀಲು ಬಿಚ್ಚಿ ಇನ್ನೊಂದು ಹಾಕುವಷ್ಟು ಹೊತ್ತು ದೀಪ ಹತ್ತುತ್ತಿತ್ತು. ಆಗ ಮೈಕು ಹಿಡಿದು, ತಮಿಳೋ ಹಿಂದಿಯೋ ಇಂಗ್ಲಿಷೋ, ಯಾವ ಚಿತ್ರವಾದರೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ನನಗೆ ತಿಳಿಯದ ಕಡೆ ನನ್ನದೇ ಕಥೆ.

ನಮ್ಮ ಯಜಮಾನರು ದೂರದೂರಿನವರು. ಪರದೆಯ ಜೊತೆ ಮಾತಾಡುತ್ತಾ ಸಿನಿಮಾ ನೋಡುವ ನಮ್ಮವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ನಿಮ್ಮ ಸೀಮೆಯವರಿಗೆ ಸಿನಿಮಾ ನೋಡೋಕೇ ಬರಲ್ಲ ಕಣಯ್ಯ. ಟೆಂಟು ಕಿತ್ತು ಬೇರೆ ಜಿಲ್ಲೆಗೆ ಹೋಗ್ತೀನಿ" ಅನ್ನುತ್ತಿದ್ದರು. ಟೆಂಟು ಹೋದರೆ ನನ್ನ ಕೆಲಸವೂ ಹೋದ ಹಾಗೆ. ಆದರೆ ಕೆಲಸಕ್ಕಿಂತ ಹೆಚ್ಚಾಗಿ, ನಮ್ಮವರಿಗೆ ನೋಡಲು ಬರುವುದಿಲ್ಲ ಅನ್ನುವ ಆ ಮಾತು ನನ್ನನ್ನು ಚುಚ್ಚುತ್ತಿತ್ತು.

ರಾಜ ಎಲ್ಲಿಗೆ ಹೋಗಿದ್ದ?

ಹುಣಸೂರಿನಲ್ಲಿ ಒಂದು ಐತಿಹಾಸಿಕ ಚಿತ್ರ. ರಾಜ ರಾಣಿಯಿಂದ ತಿಲಕ ಇಡಿಸಿಕೊಂಡು ಯುದ್ಧಕ್ಕೆ ಹೊರಡುತ್ತಾನೆ, ಗೆದ್ದು ಮರಳುತ್ತಾನೆ. ಆಟ ಬಿಟ್ಟ ಮೇಲೆ ದನದ ದಳ್ಳಾಳಿಯೊಬ್ಬರು ಬಾಗಿಲಲ್ಲಿ ನಿಂತುಬಿಟ್ಟರು.

"ಅಲ್ಲ ಕಣಪ್ಪ, ಓಗುವಾಗ ಕುದುರೆ ಹಣೇಲಿ ಬಿಳೀ ಬೊಟ್ಟಿತ್ತು. ಬರುವಾಗ ಇಲ್ಲ. ಕುದುರೆ ಬದಲಾಗೈತೆ."

"ಯುದ್ಧದಲ್ಲಿ ಸತ್ತಿರಬೇಕು" ಅಂದೆ.

"ಸತ್ತಿದ್ರೆ ರಾಜನ ಮೊಕ ಸಪ್ಪಗಿರ್ತಿತ್ತು. ನಗ್ತಾ ಬಂದ."

ಯಜಮಾನರು ನಡುವೆ ಬಂದು, ಚಿತ್ರ ತೆಗೆಯುವವರು ಯಾವ ಕುದುರೆ ಸಿಕ್ಕಿದರೆ ಅದನ್ನೇ ತರುತ್ತಾರೆ ಅಂತ ಸಮಾಧಾನ ಹೇಳಿದರು. ದಳ್ಳಾಳಿ ಅವರನ್ನೇ ಕನಿಕರದಿಂದ ನೋಡಿದರು.

"ನಿಮಗೆ ತಿಳಿಯಾಕಿಲ್ಲ ಬುಡಿ ಸ್ವಾಮಿ. ಹಳೇದು ಕೊಟ್ಟು ಹೊಸದು ಇಡ್ಕಂಡು ನಗ್ತಾ ಬಂದವ್ನೆ ಅಂದ್ರೆ, ರಾಣಿಗೆ ಯುದ್ಧ ಅಂತ ಹೇಳಿ ಸಂತೆಗೆ ಓಗವ್ನೆ."

ರಾವಂದೂರಿನ ಅಕ್ಷತೆ

ಇನ್ನೊಂದು ಚಿತ್ರದಲ್ಲಿ ರಾಜಕುಮಾರಿಯ ಮದುವೆ ಇತ್ತು. ಮೊದಲ ದಿನ ನೋಡಿ ಹೋದ ಹೆಂಗಸರು ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಮಾರನೆಯ ದಿನ ಮಾಂಗಲ್ಯಧಾರಣೆಯ ಹೊತ್ತಿಗೆ ಸೆರಗಿನ ಗಂಟುಗಳು ಬಿಚ್ಚಿಕೊಂಡವು. ಪರದೆಯ ಮೇಲೆ ಅಕ್ಷತೆ ಸುರಿಯಿತು. ಗಾದಿಯ ಕುರ್ಚಿಯಲ್ಲಿ ಕೂತಿದ್ದ ಯಜಮಾನರ ತಲೆಯ ಮೇಲೂ ಒಂದಷ್ಟು ಬಿತ್ತು.

ಆಟ ಮುಗಿದರೂ ಹೆಂಗಸರು ಚಾಪೆ ಬಿಟ್ಟು ಏಳಲಿಲ್ಲ. ಯಾಕೆ ಅಂತ ಯಜಮಾನರು ಕೇಳಿದರು.

"ಅಕ್ಸತೆ ಆಕಿಸ್ಕಂಡ್ರಲ್ಲ, ಎಲೆ ಯಾವಾಗ ಆಕಿಸ್ತೀರಿ?" ಅಂದಳು ಒಬ್ಬಳು.

ಯಜಮಾನರು ಬೈದುಕೊಂಡೇ ಕಡ್ಲೆಪುರಿ ಹಂಚಿಸಿದರು. ಹೋಗುವಾಗ ಆಕೆ ಜೊತೆಯವಳಿಗೆ ಹೇಳಿದ್ದು ನನಗೆ ಕೇಳಿಸಿತು: "ರಾಜರ ಮನೆ ಅಂತಾರೆ, ಪಾಯಸನೂ ಇಲ್ಲ."

ಕೋಟೆಯ ಮಾವುತ

ಹೆಗ್ಗಡದೇವನಕೋಟೆಯಲ್ಲಿ ಆನೆಯ ಚಿತ್ರ ಹಾಕಿದ್ದು ನಮ್ಮದೇ ತಪ್ಪು. ಆನೆ ಜೊತೆ ಬಾಳುವ ಊರು ಅದು. ಚಿತ್ರದಲ್ಲಿ ರಾಜ ಇಳಿಯಬೇಕು, ಪಟ್ಟದಾನೆ ಮಂಡಿಯೂರುವುದಿಲ್ಲ, ನಿಂತೇ ಇರುತ್ತದೆ. ನೆಲದಲ್ಲಿ ಕೂತಿದ್ದ ಹಿರಿಯ ಮಾವುತರೊಬ್ಬರು ತಾಳಲಾರದೆ ಎದ್ದು ಆನೆ ಭಾಷೆಯಲ್ಲಿ ಗದರಿದರು. ಆ ಹೊತ್ತಿಗೆ ಸರಿಯಾಗಿ ಪರದೆಯ ಮೇಲಿನ ಆನೆ ಮಂಡಿಯೂರಿತು.

ಟೆಂಟಿಗೆ ಟೆಂಟೇ ಚಪ್ಪಾಳೆ ಹೊಡೆಯಿತು. ಮಾರನೆಯ ದಿನ ಮಾವುತರು ನೆಂಟರಿಷ್ಟರನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಅದೇ ಜಾಗಕ್ಕೆ ಬಂದಾಗ ಎದ್ದು ಗದರಿದರು, ಆನೆ ಮಂಡಿಯೂರಿತು. ಆಮೇಲೆ ಜನ ಬರುತ್ತಿದ್ದದ್ದು ರಾಜನನ್ನು ನೋಡಲಿಕ್ಕಲ್ಲ, ಅವರನ್ನು ನೋಡಲಿಕ್ಕೆ.

ಒಂದು ದಿನ ಅವರಿಗೆ ಜ್ವರ, ಬರಲಿಲ್ಲ. ಯಜಮಾನರಿಗೆ ಖುಷಿ. "ಈಗ ಗೊತ್ತಾಗುತ್ತೆ ಇವರಿಗೆ" ಅಂದರು. ಯಾರೂ ಗದರಲಿಲ್ಲ, ಆನೆ ತಾನಾಗಿಯೇ ಮಂಡಿಯೂರಿತು. ಯಜಮಾನರು ಗೆದ್ದವರಂತೆ ಎದ್ದು ನಿಂತು, "ನೋಡಿದಿರಾ?" ಅಂತ ಕೇಳಿದರು.

"ನೋಡ್ದೋ ಕಣ್ರೀ" ಅಂದ ಒಬ್ಬ ರೈತ. "ಎಂಗ್ ಪಳಗಿಸವ್ರೆ ಅಂತೀನಿ. ಅವರಿಲ್ದಿದ್ರೂ ಮಾತು ಕೇಳ್ತದೆ."

ಸರಗೂರಿನಲ್ಲಿ ಚಂದ್ರಯಾನ

ಸರಗೂರಿಗೆ ಬರುವ ಹೊತ್ತಿಗೆ ಯಜಮಾನರ ತಾಳ್ಮೆ ಮುಗಿದಿತ್ತು. "ಇದೇ ಕೊನೆ. ರಾಜನೂ ಬೇಡ, ಆನೆನೂ ಬೇಡ, ಇಂಗ್ಲಿಷ್ ಚಿತ್ರ ತಂದಿದೀನಿ. ಇದೂ ಓಡದಿದ್ರೆ ಗೂಟ ಕೀಳೋದೇ" ಅಂದರು. ರಾಕೆಟ್ಟಿನಲ್ಲಿ ಮೂವರು ಚಂದ್ರನಿಗೆ ಹೋಗುವ ಕಥೆ. ವಾಪಸು ಬರುವಾಗ ರಾಕೆಟ್ಟಿಗೆ ಭಾರ ಹೆಚ್ಚಾಗಿ ಒಬ್ಬ ಅಲ್ಲೇ ಉಳಿಯುತ್ತಾನೆ. ಗಡ್ಡ ಬೆಳೆದ ಮುಖದಲ್ಲಿ ಮೇಲೆ ನೋಡುತ್ತಾ ಒಂಟಿಯಾಗಿ ನಿಲ್ಲುತ್ತಾನೆ. ಅಲ್ಲಿಗೆ ಮುಗಿಯಿತು.

ಮೊದಲ ದಿನ ದೀಪ ಹತ್ತಿದಾಗ ಯಾರೂ ಬಾಗಿಲ ಕಡೆ ಹೊರಡಲಿಲ್ಲ. ಮುಂದುಗಡೆ ಸ್ವಂತ ಚಾಪೆ ಹಾಸಿ ಕೂತಿದ್ದ ಅಜ್ಜಿಯೊಬ್ಬರು ಎದ್ದರು. ಕಾಡಂಚಿನ ಹಳ್ಳಿಯವರು. ಆ ಕಡೆಯವರು ಸಂತೆಗೆ ಬಂದರೆ ಗುಂಪಾಗಿ ಬಂದು ಗುಂಪಾಗಿಯೇ ಹೋಗುತ್ತಾರೆ. ದಾರಿಯಲ್ಲಿ ಆನೆ ಕಾಟ. ಒಬ್ಬರು ಹಿಂದುಳಿದರೂ ಉಳಿದವರು ಕಾಯಬೇಕು, ಅದು ಕಟ್ಟಳೆ.

"ಜೊತೇಲಿ ಓಗಿದ್ದೋನ್ನ ಬುಟ್ಟು ಬಂದ್ರಾ?" ಅಂತ ನನ್ನನ್ನು ಕೇಳಿದರು, ನಾನೇ ಬಿಟ್ಟುಬಂದ ಹಾಗೆ.

"ಭಾರ ಆಯ್ತಂತೆ ಅಜ್ಜಿ."

"ಸಾಮಾನು ಎಸೀಬೇಕಿತ್ತು. ಮನ್ಸನ್ನ ಬುಡ್ತಾರಾ?" ಅಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಎರಡನೆಯ ದಿನ ಬಾಗಿಲಲ್ಲೇ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: "ಕರ್ಕಂಬಂದ್ರಾ?" ನಾನು ಟಿಕೆಟ್ ಹರಿದು ಒಳಗೆ ಬಿಟ್ಟೆ. ಅವತ್ತೂ ಅವನು ಅಲ್ಲೇ ಉಳಿದ. ಅಜ್ಜಿ ಚಾಪೆ ಸುತ್ತಿಕೊಂಡು, ಅವನು ಬರುವ ತನಕ ಯಾರೂ ಈ ಟೆಂಟಿಗೆ ಕಾಲಿಡಬೇಡಿ ಅಂತ ಹೇಳಿಯೇ ಹೋದರು. ಮೂರನೆಯ ದಿನ ಟೆಂಟಿನಲ್ಲಿ ನಾನು, ಪ್ರೊಜೆಕ್ಟರು ನಡೆಸುವ ಆಪರೇಟರು, ಖಾಲಿ ಬೆಂಚು.

"ನಾನು ಹೇಳಲಿಲ್ವಾ, ಇವರಿಗೆ ಸಿನಿಮಾ ತಿಳಿಯಲ್ಲ" ಅಂತ ಯಜಮಾನರು ಹಗ್ಗ ಬಿಚ್ಚಿಸತೊಡಗಿದರು. ನನಗೆ ಎಲ್ಲಿತ್ತೋ ಧೈರ್ಯ. "ಸ್ವಾಮಿ, ಒಬ್ಬನ್ನ ಬಿಟ್ಟು ಬಂದಿದ್ದಕ್ಕೆ ಇವರು ಅತ್ತರು. ಇದಕ್ಕಿಂತ ಚೆನ್ನಾಗಿ ಯಾರು ನೋಡ್ತಾರೆ? ಒಂದೇ ಒಂದು ಆಟ ಕೊಡಿ" ಅಂದೆ. ಅವರು ಬಿಚ್ಚಿದ ಹಗ್ಗದ ಮೇಲೆ ಕೂತರು.

ಚಿತ್ರದ ಮೊದಲಿಗೆ, ಹೊರಡುವ ಮುಂಚೆ, ಮೂವರೂ ರಾಕೆಟ್ಟಿನ ಮುಂದೆ ನಿಂತು ಕೈಬೀಸುವ ತುಣುಕಿತ್ತು. ಬ್ಯಾಂಡು ಬಾರಿಸುತ್ತದೆ, ಜನ ಹೂವು ಕೊಡುತ್ತಾರೆ. ಆಪರೇಟರು ಅದನ್ನು ಕತ್ತರಿಸಿ ಕೊನೆಯ ರೀಲಿಗೆ ಅಂಟಿಸಿದರು. ನಾನು ಎತ್ತಿನಗಾಡಿಗೆ ಮೈಕು ಕಟ್ಟಿ ಊರೆಲ್ಲ ಸುತ್ತಿದೆ: "ಮಹಾಜನಗಳೇ, ಚಂದ್ರನಲ್ಲಿ ಉಳಿದವರನ್ನು ಇಂದಿನ ಮೊದಲ ಆಟದಲ್ಲಿ ಕರೆತರಲಾಗುವುದು!"

ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದರು. ಅವನು ಒಂಟಿಯಾಗಿ ನಿಂತ ಕೂಡಲೇ ನಾನು ಮೈಕಿನಲ್ಲಿ, "ರಾಕೆಟ್ಟು ತಿರುಗಿ ಹೋಯಿತು, ಕರೆದುಕೊಂಡು ಬಂದೇಬಿಟ್ಟಿತು" ಅಂದೆ. ಪರದೆಯ ಮೇಲೆ ಮೂವರೂ ಬಂದು ಕೈಬೀಸಿದರು. ಟೆಂಟು ಎದ್ದು ನಿಂತು ಅವರಿಗೆ ಕೈಬೀಸಿತು. ಯಜಮಾನರ ಕೈಯೂ ಮೇಲೆದ್ದಿತ್ತು. "ಹಗ್ಗ ಬಿಗೀರಯ್ಯ, ಈ ಸೀಮೆ ಬಿಟ್ಟು ಎಲ್ಲಿಗೂ ಹೋಗಲ್ಲ" ಅಂದರು.

ನಾನು ಬಾಗಿಲಲ್ಲಿ ಬೀಗುತ್ತಾ ನಿಂತು, "ಈಗ ಸಮಾಧಾನ ಆಯ್ತಾ ಅಜ್ಜಿ?" ಅಂದೆ.

ಅಜ್ಜಿ ಚಾಪೆ ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕರ್ಕಂಬಂದಿದ್ದು ಸರಿ ಕಣಪ್ಪ. ಆದ್ರೆ ಅಲ್ಲಿ ನಿಂತಾಗ ಮೊಕದ ತುಂಬ ಗಡ್ಡ ಇತ್ತು, ಇಲ್ಲಿ ಇಳಿದಾಗ ನುಣ್ಣಗೆ ಬೋಳಿಸ್ಕಂಡವ್ನೆ. ಅಂದ್ರೆ ಚಂದ್ರನ ಮ್ಯಾಲೆ ಚೌರದೋರು ಅವ್ರೆ. ಅಂತಾ ಊರಲ್ಲಿ ಒಬ್ನೇ ಅವ್ನೆ ಅಂತೇಳಿ, ಇಷ್ಟು ದಿನ ನನ್ನ ಸುಮ್‌ಸುಮ್ನೆ ಅಳಿಸ್ದಲ್ಲೋ."